ಮಗು ಯಾಕೆ ತುರಿಸಿಕೊಳ್ಳುತ್ತೆ?

ನಮ್ಮ ಕೇರಿಯ ಒಂದು ಮನೆ. ಮಗುವಿಗೆ ಐದು ತಿಂಗಳು. ರಾತ್ರಿಯಾದರೆ ಸಾಕು, ಒಂದೇ ಸಮ ಅಳು. ಮೈಮೇಲೆಲ್ಲಾ ಕೆಂಪು ಗುಳ್ಳೆ.

ದೃಷ್ಟಿ ಆಗಿದೆ ಅಂತ ನಾವೆಲ್ಲಾ ಸೇರಿ ನಿವಾಳಿಸಿದೆವು. ಅಂಗಡಿಯಿಂದ ಯಾವುದೋ ಮುಲಾಮು ತಂದು ಹಚ್ಚಿದೆವು. ಎರಡು ದಿನ ಕಮ್ಮಿ ಆಯ್ತು. ಆಮೇಲೆ ಇನ್ನೂ ಹೆಚ್ಚಾಯ್ತು.

ಆಶಾ ಅಕ್ಕ ಬಂದಳು. ಮೊದಲು ಒಂದೇ ಮಾತು ಕೇಳಿದಳು.

"ಮನೇಲಿ ಬೇರೆ ಯಾರಾದ್ರೂ ತುರಿಸ್ಕೋತಾರಾ?"

ಹೌದಲ್ಲಾ! ತಾಯಿಗೂ ಬೆರಳ ಸಂದಿಯಲ್ಲಿ ತುರಿಕೆ. ಅಜ್ಜಿಗೂ ತುರಿಕೆ. ನಾಚಿಕೆಯಿಂದ ಯಾರೂ ಹೇಳಿರಲಿಲ್ಲ.

ಎಲ್ಲಾ ತುರಿಕೆಯೂ ಒಂದೇ ಅಲ್ಲ. ಬನ್ನಿ, ಗುರುತು ಹಿಡಿಯೋಣ.

ಬೆವರುಸಾಲೆ
ಇದು ಸೆಕೆಗೆ ಬರುತ್ತದೆ. ಕುತ್ತಿಗೆ, ಕಂಕುಳು, ಬೆನ್ನಿನ ಮೇಲೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಮಗುವಿಗೆ ತೆಳುವಾದ, ಸಡಿಲವಾದ ಹತ್ತಿ ಬಟ್ಟೆ ಹಾಕೋಣ. ಗಾಳಿ ಆಡಲಿ. ಕೆಲವು ದಿನದಲ್ಲಿ ತಾನಾಗಿಯೇ ಹೋಗುತ್ತದೆ.

ಇಸಬು
ಕೆನ್ನೆಯ ಚರ್ಮ ಒಣಗಿ, ಒರಟಾಗಿ, ಕೆಂಪಾಗುತ್ತದೆ. ಹೋದ ಹಾಗೆ ಆಗಿ ಮತ್ತೆ ಬರುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಸ್ನಾನದಲ್ಲಿ ಮೈ ಗಟ್ಟಿಯಾಗಿ ಉಜ್ಜಬಾರದು. ಸ್ನಾನವಾದ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚೋಣ. ವೈದ್ಯರಿಗೂ ತೋರಿಸೋಣ.

ಕಜ್ಜಿ
ಇದು ಅಂಟುರೋಗ. ಬಹಳ ಸಣ್ಣ ಹುಳು ಚರ್ಮದೊಳಗೆ ಕೊರೆದು ಮೊಟ್ಟೆ ಇಡುತ್ತದೆ. ರಾತ್ರಿ ತುರಿಕೆ ಜಾಸ್ತಿ. ದೊಡ್ಡವರಿಗೆ ಬೆರಳ ಸಂದಿ, ಮಣಿಕಟ್ಟು, ಸೊಂಟದಲ್ಲಿ ಬರುತ್ತದೆ. ಎಳೆಮಕ್ಕಳಿಗೆ ಅಂಗೈ, ಅಂಗಾಲು, ತಲೆಯಲ್ಲೂ ಬರುತ್ತದೆ.

ಆ ಮಗುವಿಗೆ ಬಂದದ್ದು ಕಜ್ಜಿಯೇ. ವೈದ್ಯರು ಪರ್ಮೆಥ್ರಿನ್ ಎಂಬ ಮುಲಾಮು ಕೊಟ್ಟರು. ತುರಿಕೆ ಇರಲಿ, ಇಲ್ಲದಿರಲಿ, ಮನೆಯವರೆಲ್ಲಾ ಒಂದೇ ದಿನ ಹಚ್ಚಿಕೊಂಡರು. ಒಬ್ಬರು ಬಿಟ್ಟರೂ ಕಜ್ಜಿ ಮತ್ತೆ ಬರುತ್ತದೆ. ಬಟ್ಟೆ, ಹಾಸಿಗೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರು. ಒಂದು ವಾರ ಬಿಟ್ಟು ಮತ್ತೊಮ್ಮೆ ಮುಲಾಮು ಹಚ್ಚಿದರು.

ಹುಳು ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರಬಹುದು. ಹೆದರಬಾರದು.

ನೆನಪಿಡೋಣ
• ಅಂಗಡಿಯ ಮುಲಾಮು ನಾವೇ ತಂದು ಹಚ್ಚುವುದು ಬೇಡ. ಕೆಲವು ಮುಲಾಮು ತುರಿಕೆ ಅಡಗಿಸುತ್ತವೆ. ರೋಗ ಹಾಗೇ ಉಳಿಯುತ್ತದೆ.
• 2 ತಿಂಗಳಿಗಿಂತ ಚಿಕ್ಕ ಮಗುವಿಗೆ ವೈದ್ಯರನ್ನು ಕೇಳದೆ ಯಾವ ಔಷಧವನ್ನೂ ಹಚ್ಚಬಾರದು.
• ಗುಳ್ಳೆಯಲ್ಲಿ ಕೀವು, ಜ್ವರ, ಹಾಲು ಕುಡಿಯದಿರುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗೋಣ.
• ಮಗುವಿನ ಉಗುರು ಕತ್ತರಿಸೋಣ. ನಮ್ಮದೂ ಕತ್ತರಿಸಿಕೊಳ್ಳೋಣ.

ಈಗ ಆ ಮಗು ರಾತ್ರಿಯೆಲ್ಲಾ ನಿದ್ದೆ ಮಾಡುತ್ತೆ. ಅದರ ತಾಯಿಯೂ ನಿದ್ದೆ ಮಾಡ್ತಾಳೆ.

ಉತ್ತರ ಬರೆಯಿರಿ
1. ಆಶಾ ಅಕ್ಕ ಮೊದಲು ಏನು ಕೇಳಿದಳು?
2. ಮನೆಯವರೆಲ್ಲಾ ಒಂದೇ ದಿನ ಮುಲಾಮು ಹಚ್ಚಿಕೊಂಡದ್ದು ಯಾಕೆ?