ಹೊಸ ಮನೆಗೆ ಇಂಟರ್ನೆಟ್: ಟೆಲಿಫೋನ್ ಲೈನೋ, ಕೇಬಲ್ಲೋ?

ಜಾವಳಿ, ಕಳಸದ ಕಡೆ ಹೊಸ ಮನೆ ಕಟ್ಟುವವರು ನೀರು, ಕರೆಂಟಿನ ಜತೆಗೆ ಇಂಟರ್ನೆಟ್ಟಿನ ಯೋಚನೆಯನ್ನೂ ಮಾಡಬೇಕಾಗಿದೆ. ಮೊಬೈಲ್ ಸಿಗ್ನಲ್ಲಿಗೆ ಗುಡ್ಡ ಹತ್ತಬೇಕಾದ ಮನೆಗಳಿಗಂತೂ ತಂತಿಯೇ ಗತಿ. ಮಕ್ಕಳ ಪಾಠ, ಕಾಫಿ ದರ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಡಾಕ್ಟರಿಗೊಂದು ಕರೆ, ಎಲ್ಲಾ ಅದರ ಮೇಲೆಯೇ.

"ಟೆಲಿಫೋನಿನದ್ದು ಒಳ್ಳೇದೋ, ಕೇಬಲ್ ಟಿವಿಯವರದ್ದೋ?" ಅಂತ ಹಲವರು ಕೇಳುತ್ತಾರೆ. ಹೆಸರು ನೋಡಿ ತೀರ್ಮಾನ ಮಾಡಬೇಡಿ. ಮನೆ ತನಕ ಬರುವ ತಂತಿ ಯಾವುದು, ತುಂಡಾದರೆ ಜೋಡಿಸುವವರು ಯಾರು, ಇವೆರಡೇ ಮುಖ್ಯ.

ಮೂರು ಬಗೆಯ ತಂತಿ

ತಾಮ್ರದ ಟೆಲಿಫೋನ್ ತಂತಿ (ಡಿಎಸ್‌ಎಲ್): ಬಿಎಸ್ಸೆನ್ನೆಲ್ 2005ರಲ್ಲಿ ಬ್ರಾಡ್‌ಬ್ಯಾಂಡ್ ಶುರು ಮಾಡಿದ್ದು ಇದರಲ್ಲೇ. ಎಕ್ಸ್‌ಚೇಂಜಿನ ಪಕ್ಕದಲ್ಲಿದ್ದರೆ 24 ಎಂಬಿಪಿಎಸ್ ತನಕ ಬಂದೀತು. ತಂತಿ ಉದ್ದವಾದಷ್ಟೂ ವೇಗ ಇಳಿಯುತ್ತದೆ. ನಾಲ್ಕೈದು ಕಿ.ಮೀ. ದೂರದ ತೋಟದ ಮನೆಗೆ ಒಂದೆರಡು ಬಂದರೆ ಪುಣ್ಯ. ಜೋಡಿಸಿದ ಜಾಗಕ್ಕೆ ನೀರಿಳಿದರೆ ಅದೂ ಇಲ್ಲ. ಸಿಡಿಲಿನ ಹೊಡೆತವನ್ನು ನೇರ ಮನೆಯೊಳಗೆ ತರುತ್ತದೆ.

ಟಿವಿ ಕೇಬಲ್: ವೇಗ ಜಾಸ್ತಿ. ಆದರೆ ಒಂದೇ ಕೇಬಲ್ಲನ್ನು ಹಲವು ಮನೆ ಹಂಚಿಕೊಳ್ಳುವುದರಿಂದ ಸಂಜೆ ಎಲ್ಲರೂ ಕೂತಾಗ ನಿಧಾನ. ದಾರಿಯುದ್ದಕ್ಕೂ ಆಂಪ್ಲಿಫೈಯರ್ ಬೇಕು. ಅದಕ್ಕೆ ಕರೆಂಟು ಬೇಕು. ಒಂದು ಕಡೆ ಕರೆಂಟು ಹೋದರೆ ಮುಂದಿನವರಿಗೆಲ್ಲ ಬಂದ್.

ಫೈಬರ್: ಗಾಜಿನ ಎಳೆಯಲ್ಲಿ ಬೆಳಕು ಹರಿಯುತ್ತದೆ. ಸುಮಾರು 20 ಕಿ.ಮೀ. ತನಕ ನಡುವೆ ಕರೆಂಟೇ ಬೇಡ. ಬೆಳಕು ಸಿಡಿಲನ್ನು ತರುವುದಿಲ್ಲ. ಟೆಲಿಫೋನಿನವರು, ಕೇಬಲಿನವರು ಇಬ್ಬರೂ ಈಗ ಇದನ್ನೇ ಎಳೆಯುತ್ತಾರೆ. ಇದು ಸಿಗುವಲ್ಲಿ ಹೊಸ ಮನೆಗೆ ಬೇರೆ ತಂತಿ ಬೇಡ.

ಹಾಗಂತ ಫೈಬರಿಗೂ ಕುಂದಿದೆ. ಮರಗಸಿ ಮಾಡುವಾಗ ಕೊಂಬೆ ಬಿದ್ದು, ವೀಡ್ ಕಟ್ಟರ್ ತಾಗಿ, ಮಂಗ ಜೋತಾಡಿ ತುಂಡಾಗುತ್ತದೆ. ತಾಮ್ರವನ್ನಾದರೆ ನಾವೇ ತಿರುಚಿ ಕಟ್ಟಬಹುದಿತ್ತು. ಇದಕ್ಕೆ ಸ್ಪ್ಲೈಸಿಂಗ್ ಮೆಷಿನ್ ಬೇಕು, ಕೆಲಸ ಗೊತ್ತಿದ್ದವನೂ ಬೇಕು. 2019ರ ಆಗಸ್ಟಿನಲ್ಲಿ ಮಲೆಮನೆ ಕಡೆ ಗುಡ್ಡ ಕುಸಿದದ್ದು ನಮಗೆಲ್ಲ ನೆನಪಿದೆ. ಅಂಥ ಹೊತ್ತಿನಲ್ಲಿ ಹತ್ತಿರದಲ್ಲೇ ಮೆಷಿನ್ ಇರುವವನೇ ಬೇಕು.

ಹಣ ಕೊಡುವ ಮುಂಚೆ ಕೇಳಿ

1. ಮನೆ ತನಕ ಫೈಬರೋ, ರಸ್ತೆ ತನಕ ಮಾತ್ರವೋ?
2. ಸ್ಪ್ಲೈಸಿಂಗ್ ಮೆಷಿನ್ ಯಾವ ಊರಲ್ಲಿದೆ?
3. ಆ ತುದಿಯ ಯಂತ್ರಕ್ಕೆ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ? ಅಲ್ಲಿ ನಿಂತರೆ ನಿಮ್ಮ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ.
4. ತೋಟದೊಳಗೆ ತುಂಡಾದರೆ ಖರ್ಚು ಯಾರದ್ದು?

ಗಾರೆ ಕೆಲಸಕ್ಕೆ ಮುಂಚೆ

ಹೊರಗೋಡೆಯಿಂದ ಮನೆಯ ನಡುಭಾಗಕ್ಕೆ ಒಂದಿಂಚಿನ ಪೈಪ್ ಹಾಕಿಸಿ. ಎಲ್ಬೋ ಬೇಡ, ಉದ್ದನೆಯ ಬೆಂಡ್ ಇರಲಿ. ಫೈಬರ್ ಚೂಪಾಗಿ ಮಡಚಿದರೆ ಬೆಳಕು ಸೋರುತ್ತದೆ. ಒಳಗೊಂದು ನೈಲಾನ್ ಹಗ್ಗ ಬಿಡಿ. ಮನೆ ಹತ್ತಿರ ಹತ್ತು ಮೀಟರ್ ತಂತಿ ಅಗಲವಾಗಿ ಸುತ್ತಿಡಿಸಿ. ತುಂಡಾದಾಗ ಎಳೆದು ಜೋಡಿಸಲು ಬೇಕು.

ಕಂಬದಿಂದ ಬರುವ ಫೈಬರಿಗೆ ಆಧಾರವಾಗಿ ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ನಿಲ್ಲಿಸಲು ಹೇಳಿ, ಒಳಗೆ ಬಂದರೆ ಸಿಡಿಲಿಗೆ ದಾರಿ ಮಾಡಿಕೊಟ್ಟ ಹಾಗೆ. ಗುಡುಗು ಶುರುವಾಗುವ ಮುಂಚೆಯೇ ಅಡಾಪ್ಟರನ್ನೂ ಕಳಚಿ. ಕರೆಂಟಿನ ಲೈನಿನಿಂದಲೂ ಹೊಡೆತ ಬರುತ್ತದೆ.

ವೇಗದ ಆಸೆಗೆ ದೊಡ್ಡ ಪ್ಲಾನ್ ಬೇಡ. ಸಾಮಾನ್ಯ ಸಂಸಾರಕ್ಕೆ 30 ಎಂಬಿಪಿಎಸ್ ಧಾರಾಳ.

ಕೊನೆಗೊಂದು ಪರೀಕ್ಷೆ. ಅದೇ ಆಪರೇಟರನ ಲೈನಿನಲ್ಲಿ ತೀರಾ ತುದಿಯ ಮನೆಗೆ ಹೋಗಿ. "ಕಳೆದ ಮಳೆಗಾಲದಲ್ಲಿ ಎಷ್ಟು ದಿನ ಸತ್ತಿತ್ತು?" ಅಂತ ವಿಚಾರಿಸಿ. ಜಾಹೀರಾತಿಗಿಂತ ಆ ಮನೆಯವರ ಮಾತು ನಂಬಿಕೆಗೆ ಅರ್ಹ.