ಬಾಹ್ಯಾಕಾಶಕ್ಕೆ ಗುಳೆ ಹೋಗಬಹುದೆ?



ಹೋದ ತಿಂಗಳ ಬೈಠಕ್ಕಿನಲ್ಲಿ ‘ಮನುಷ್ಯ ಬಾಹ್ಯಾಕಾಶದಲ್ಲಿ ಬಾಳಬಲ್ಲನೆ? ಬಾಳಬೇಕೆ?’ ಎಂಬ ವಿಷಯ ಎತ್ತಿಕೊಂಡು ಎರಡು ತಾಸು ಕೂಗಾಡಿದೆವು. ವಿಜ್ಞಾನ ಯಾರ ಮಾತೂ ಕೇಳೋದಿಲ್ಲ, ಹೋಗೇ ಹೋಗ್ತದೆ ಅಂತ ಒಂದು ಪಂಗಡ. ಇಲ್ಲಿ ಒಂದು ಕೊಡ ನೀರಿಗೆ ಪಾಳಿ ಹಚ್ಚಬೇಕು, ಮೇಲೆ ಹೋಗಿ ಏನು ಮಾಡ್ತೀರಿ ಅಂತ ಇನ್ನೊಂದು. ಕಡೆಗೆ ಅಧ್ಯಯನದ ಟಿಪ್ಪಣಿ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ರಜೆಗೆ ಕುರಕುಂಭದ ಕಾಕಾನ ಮನೆಗೆ ಹೋದಾಗಲೂ ತಲೆಯಲ್ಲಿ ಇದೇ ಇತ್ತು. ಅಲ್ಲಿ ಕೇಳಿದ ಮಾತಿನಿಂದಲೇ ಶುರು ಮಾಡುತ್ತೇನೆ, ವಿಷಯಾಂತರ ಅನ್ನಬೇಡಿ.

ಕುರಕುಂಭ ಪುಣೆ–ಸೋಲಾಪುರ ಹೆದ್ದಾರಿಯ ಮೇಲೆ ದೌಂಡ್ ತಾಲೂಕಿನಲ್ಲಿದೆ. ಫಿರಂಗಾಯಿ ದೇವಿಯ ಗುಡಿ ಇರುವ ಊರು. ಜೊತೆಗೆ ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳ ಊರು. ಕಾಕಾ ಅಂಥದೊಂದು ಕಾರ್ಖಾನೆಯಲ್ಲಿ ಫಿಟ್ಟರ್. ರಿಯಾಕ್ಟರ್ ಅಂದರೆ ಮುಚ್ಚಿದ ಉಕ್ಕಿನ ದೊಡ್ಡ ಹಂಡೆ. ರಿಪೇರಿಗೆ ಅದರೊಳಗೆ ಮನುಷ್ಯ ಇಳಿಯಬೇಕಾದಾಗ ಏನೇನು ಮಾಡುತ್ತಾರೆ ಅಂತ ಅವರು ಬಿಡಿಸಿ ಹೇಳಿದರು. ಒಳಗೆ ಬರುವ ಪೈಪುಗಳನ್ನೆಲ್ಲ ಬಂದ್ ಮಾಡಬೇಕು, ತೊಳೆದು ಗಾಳಿ ಊದಬೇಕು, ಮೀಟರು ಇಳಿಬಿಟ್ಟು ಆಮ್ಲಜನಕ ನೋಡಬೇಕು. ಬಯಲಿನ ಗಾಳಿಯಲ್ಲಿ ಅದು ಶೇಕಡ 21ರಷ್ಟು, 19.5ಕ್ಕಿಂತ ಇಳಿದಿದ್ದರೆ ಇಳಿಯುವ ಮಾತೇ ಇಲ್ಲ. ಪರ್ಮಿಟ್ ಚೀಟಿಗೆ ಸಹಿ ಬೀಳಬೇಕು. ಇಷ್ಟೆಲ್ಲ ಆದ ಮೇಲೂ ಮ್ಯಾನ್‌ಹೋಲಿನ ಬಾಯಲ್ಲಿ ಒಬ್ಬ ನಿಂತಿರಲೇಬೇಕು.

“ಅಂವಗ ಬ್ಯಾರೆ ಕೆಲಸ ಹೇಳೂಹಂಗಿಲ್ಲ ನೋಡೋ ತಮ್ಮಾ. ಚಾ ಕುಡೀಲಿಕ್ಕೂ ಹೋಗೂಹಂಗಿಲ್ಲ. ಅಂವ ಹ್ವಾದಾ ಅಂದ್ರ ಒಳಗಿನಾಂವ ಮ್ಯಾಲ ಬರಬೇಕು” ಅಂದರು ಕಾಕಾ.

ಇದು ಕಾಕಾನ ಸ್ವಂತ ಶಾಸ್ತ್ರವಲ್ಲ. 1948ರ ಕಾರ್ಖಾನೆ ಕಾಯಿದೆಯ 36ನೆಯ ಕಲಮಿನಲ್ಲಿ ಇಂಥ ಜಾಗಕ್ಕೆ ಇಳಿಯುವ ಬಗ್ಗೆ ಬರೆದಿದ್ದರು: ಒಳಗಿನ ಗಾಳಿ ಸುರಕ್ಷಿತವೆಂದು ತಿಳಿದವರ ಲಿಖಿತ ಪ್ರಮಾಣಪತ್ರ ಇರಬೇಕು, ಇಲ್ಲವಾದರೆ ಇಳಿಯುವವನು ಉಸಿರಾಟದ ಸಲಕರಣೆ ಹಾಕಿ, ಸೊಂಟದ ಪಟ್ಟಿಗೆ ಹಗ್ಗ ಕಟ್ಟಿಕೊಂಡಿರಬೇಕು, ಆ ಹಗ್ಗದ ಇನ್ನೊಂದು ತುದಿ ಹೊರಗಿರುವ ಮನುಷ್ಯನ ಕೈಯಲ್ಲಿರಬೇಕು.

ಈಗ ವಿಷಯಕ್ಕೆ ಬರೋಣ. ಬಾಹ್ಯಾಕಾಶ ನಿಲ್ದಾಣವೂ ಮುಚ್ಚಿದ ಹಂಡೆಯೇ. ಇಲ್ಲಿ ಕೆಟ್ಟ ಗಾಳಿ ಒಳಗಿರುತ್ತದೆ, ಒಳ್ಳೆಯದು ಹೊರಗೆ. ಅಲ್ಲಿ ಹೊರಗೆ ಗಾಳಿಯೇ ಇಲ್ಲ. ಅಂಥ ನಿಲ್ದಾಣದಲ್ಲಿ ಮೊಟ್ಟಮೊದಲು ಇದ್ದು ಬಂದವರು ಸೋವಿಯತ್ ದೇಶದ ದೊಬ್ರೊವೊಲ್‌ಸ್ಕಿ, ವೊಲ್ಕೊವ್, ಪಾತ್ಸಾಯೆವ್ ಎಂಬ ಮೂವರು. 1971ರ ಜೂನಿನಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಸಾಲ್ಯೂತ್-1ರಲ್ಲಿ ಕೆಲಸ ಮಾಡಿದರು. ಜೂನ್ 30ರಂದು ಇಳಿಯುವಾಗ ನೌಕೆಯ ಗಾಳಿಯ ವಾಲ್ವು ಹೊತ್ತಿಗೆ ಮುಂಚೆ ತೆರೆದುಕೊಂಡಿತು. ಒಬ್ಬರ ಮೈಮೇಲೂ ಒತ್ತಡದ ಉಡುಪು ಇರಲಿಲ್ಲ. ಮೂವರಿಗೆ ಉಡುಪು ತೊಟ್ಟು ಕೂರುವಷ್ಟು ಜಾಗವೇ ಇರಲಿಲ್ಲ. ನೌಕೆ ನೆಟ್ಟಗೆ ನೆಲಕ್ಕಿಳಿಯಿತು. ಬಾಗಿಲು ತೆಗೆದರೆ ಮೂವರೂ ತೀರಿಕೊಂಡಿದ್ದರು. ಅದಾದ ಮೇಲೆ ಕೆಲವು ವರ್ಷ ಇಬ್ಬರನ್ನೇ, ಉಡುಪು ಹಾಕಿಸಿ, ಕಳಿಸಿದರು. ಕುರಕುಂಭದಲ್ಲಾಗಲಿ ಮಾಸ್ಕೋದಲ್ಲಾಗಲಿ ನಿಯಮ ಹುಟ್ಟುವುದು ಹೀಗೆ, ಹೆಣ ಬಿದ್ದ ಮೇಲೆ.

ಹಾಗಾದರೆ ಮನುಷ್ಯ ಅಲ್ಲಿ ಇರಬಲ್ಲನೆ? ಇರಬಲ್ಲ, ಅನುಮಾನವೇ ಬೇಡ. 2000ದ ನವೆಂಬರ್ 2ರಿಂದ ಅಂತಾರಾಷ್ಟ್ರೀಯ ನಿಲ್ದಾಣದಲ್ಲಿ ಒಂದು ದಿನವೂ ಬಿಡದೆ ಜನ ಇದ್ದಾರೆ. ರಷ್ಯದ ವೈದ್ಯ ಪೊಲ್ಯಾಕೊವ್ 1994–95ರಲ್ಲಿ ಮೀರ್ ನಿಲ್ದಾಣದಲ್ಲಿ ಒಂದೇ ಸಲಕ್ಕೆ 437 ದಿನ ಕಳೆದರು. ಬೆವರು, ಮೂತ್ರ ಎಲ್ಲವನ್ನೂ ಸೋಸಿ ಶೇಕಡ 98ರಷ್ಟು ನೀರನ್ನು ಮತ್ತೆ ಕುಡಿಯುವಂತೆ ಮಾಡಲು 2023ರಲ್ಲಿ ಸಾಧ್ಯವಾಯಿತು. (ಕೊಡದ ಪಾಳಿಯ ಪಂಗಡದವರು ಇದನ್ನು ಗಮನಿಸಬೇಕು.) ಆದರೆ ಶರೀರ ಬೇರೆ ಲೆಕ್ಕ ಇಡುತ್ತದೆ. ಭಾರ ಹೊರುವ ಎಲುಬು ತಿಂಗಳಿಗೆ ಶೇಕಡ 1ರಿಂದ 1.5ರಷ್ಟು ಸವೆಯುತ್ತದೆ. ಅದನ್ನು ತಡೆಯಲು ದಿನಕ್ಕೆ ಎರಡು ತಾಸು ವ್ಯಾಯಾಮ ಮಾಡುತ್ತಾರೆ. ವಿಕಿರಣಕ್ಕೆ ಅಂಥ ಉಪಾಯವೂ ಇಲ್ಲ.

ಕನ್ನಡ ವಿದ್ಯಾರ್ಥಿಗಳಾದ ನಾವು ಇಲ್ಲಿ ಮಾತನ್ನಾದರೂ ಬಿಡಿಸಿ ನೋಡಬೇಕು. ಇರೋದು, ದುಡಿಯೋದು, ಬಾಳೋದು ಮೂರೂ ಒಂದಲ್ಲ. ಲಾಡ್ಜಿನಲ್ಲಿ ಇರುತ್ತೇವೆ, ಅಲ್ಲಿ ಬಾಳಿದೆವು ಅಂತ ಯಾರೂ ಹೇಳೋದಿಲ್ಲ. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಜನ ಗುಳೆ ಹೋಗುತ್ತಾರೆ. ಮುದುಕರನ್ನು ಮನೆಯಲ್ಲಿ ಬಿಟ್ಟು, ಬುತ್ತಿ ಕಟ್ಟಿಕೊಂಡು ಹೋಗಿ, ದುಡಿದು, ತಿರುಗಿ ಬರುತ್ತಾರೆ. ತಿರುಗಿ ಬರೋದು ಆ ಶಬ್ದದ ಒಳಗೇ ಇದೆ. ಇದುವರೆಗೆ ಮೇಲೆ ಹೋದವರೆಲ್ಲ ಗುಳೆ ಹೋದವರೇ. ಬುತ್ತಿ ಕೂಡ ಕೆಳಗಿನದೇ: 1984ರ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮಾ ಸಾಲ್ಯೂತ್-7ಕ್ಕೆ ಹೋದಾಗ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ ಮಾವಿನ ಹಣ್ಣಿನ ಬಾರ್ ಕಟ್ಟಿಕೊಟ್ಟಿತ್ತು. ಅಲ್ಲಿ ಈವರೆಗೆ ಒಂದು ಮಗು ಹುಟ್ಟಿಲ್ಲ. ತೊಟ್ಟಿಲು ಕಟ್ಟದ ಜಾಗದಲ್ಲಿ ‘ಬಾಳು’ ಎಂಬ ಶಬ್ದ ಬಳಸಲು ನನಗೆ ಧೈರ್ಯ ಸಾಲದು.

ಬುತ್ತಿಯ ಬದಲು ಅಲ್ಲೇ ಬೆಳೆದುಕೊಂಡರೆ? ಇದಕ್ಕೆ ನಮ್ಮ ಧಾರವಾಡವೇ ಕೈಹಾಕಿದೆ. 2025ರ ಜೂನ್ 25ರಂದು ಹೊರಟ ಶುಭಾಂಶು ಶುಕ್ಲಾ ಹೆಸರುಕಾಳು, ಮೆಂತ್ಯದ ಕಾಳು ಒಯ್ದಿದ್ದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿ ಸೇರಿ ರೂಪಿಸಿದ ಪ್ರಯೋಗ ಅದು. ಮೇಲೆ ಕಾಳಿಗೆ ನೀರುಣಿಸಿ, ಮೊಳಕೆ ಬಂದ ಮೇಲೆ ಅತಿ ಶೀತದ ಪೆಟ್ಟಿಗೆಯಲ್ಲಿಟ್ಟರು. ಜುಲೈ 15ರಂದು ಅವರು ಮರಳಿದರು. ಪೋಷಕಾಂಶ ಎಷ್ಟು ಬದಲಾಯಿತು, ಸೂಕ್ಷ್ಮಜೀವಿಗಳು ಎಷ್ಟಿದ್ದವು, ಮುಂದಿನ ಪೀಳಿಗೆಗಳಲ್ಲಿ ಏನಾಗುತ್ತದೆ ಎಂಬುದನ್ನು ನೋಡುವುದು ಉದ್ದೇಶ. ನಮ್ಮ ಅವ್ವಂದಿರು ರಾತ್ರಿ ಒದ್ದೆ ಅರಿವೆಯಲ್ಲಿ ಹೆಸರುಕಾಳು ಕಟ್ಟಿಟ್ಟರೆ ಎರಡನೆಯ ದಿನ ಉಸುಳಿ ಆಗುತ್ತದೆ. ಅಷ್ಟಕ್ಕೆ ಅಲ್ಲಿ ಎಷ್ಟು ಸರಂಜಾಮು! ಆದರೂ ನಗಬಾರದು. ಕಾಳಿನಿಂದ ಕಾಳು ಬರದ ಜಾಗಕ್ಕೆ ಮನುಷ್ಯ ಮನೆ ಅನ್ನಲಾರ.

ಇನ್ನು ‘ಬೇಕೆ’ ಎಂಬ ಪ್ರಶ್ನೆ. ಚಂದ್ರನಿಗೋ ಗ್ರಹಗಳಿಗೋ ಮನುಷ್ಯನನ್ನು ಕಳಿಸುವ ಪೈಪೋಟಿಯಲ್ಲಿ ಸಿರಿವಂತ ದೇಶಗಳೊಡನೆ ಇಳಿಯುವ ಭ್ರಮೆ ನಮಗಿಲ್ಲ ಎಂಬುದು ವಿಕ್ರಮ್ ಸಾರಾಭಾಯಿಯವರ ನಿಲುವಾಗಿತ್ತು. ಆ ನಿಲುವು ಬದಲಾಗಿದೆ. ಗಗನಯಾನಕ್ಕೆ 2018ರಲ್ಲಿ 9,023 ಕೋಟಿ ರೂಪಾಯಿ ಮಂಜೂರಾಯಿತು. 2024ರಲ್ಲಿ ನಿಲ್ದಾಣದ ಮೊದಲ ಭಾಗವನ್ನೂ ಸೇರಿಸಿ 20,193 ಕೋಟಿ ಮಾಡಿದರು. ಮನುಷ್ಯನಿಲ್ಲದೆ ಕೆಲಸ ಆಗೋದಿಲ್ಲವೆ? ಬಹಳಷ್ಟು ಆಗುತ್ತದೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದು ಯಾರನ್ನೂ ಕರೆದೊಯ್ಯದೆ. ಪುಣೆ ಜಿಲ್ಲೆಯಲ್ಲೇ, ನಾರಾಯಣಗಾಂವ್ ಹತ್ತಿರದ ಖೋಡದ್‌ನಲ್ಲಿ, 45 ಮೀಟರ್ ಅಗಲದ 30 ಬುಟ್ಟಿಗಳಂಥ ರೇಡಿಯೋ ದೂರದರ್ಶಕಗಳು ನೆಲದ ಮೇಲೆ ನಿಂತೇ ಬಹುದೂರದ ನಕ್ಷತ್ರಲೋಕಗಳನ್ನು ಆಲಿಸುತ್ತಿವೆ. ಕೈಯೇ ಬೇಕಾದ ಕೆಲಸವೂ ಇದೆ ಅನ್ನಿ. ಹಬಲ್ ದೂರದರ್ಶಕದ ದೃಷ್ಟಿ ಮಂಜಾದಾಗ 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಐದು ಸಲ ಹೊರಗಿಳಿದು ರಿಪೇರಿ ಮಾಡಿದರು. ಅದು ಶುದ್ಧ ಫಿಟ್ಟರ್ ಕೆಲಸ.

ನನ್ನ ಅಭಿಪ್ರಾಯ ಇದು, ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಗುಳೆ ಹೋಗುವುದು ಸರಿ, ಹಗ್ಗ ಇರುವ ತನಕ. ನಿಲ್ದಾಣ 400 ಕಿಲೋಮೀಟರ್ ಮೇಲಿದೆ. ಅದಕ್ಕೆ ಕಟ್ಟಿ ನಿಲ್ಲಿಸಿದ ನೌಕೆ ಹತ್ತಿದರೆ ಕೆಲವೇ ತಾಸುಗಳಲ್ಲಿ ನೆಲ. ಮಂಗಳಕ್ಕೆ ಹೋಗಲು ಆರೇಳು ತಿಂಗಳು ಬೇಕು, ದಾರಿ ಕೂಡಿಬರುವುದು 26 ತಿಂಗಳಿಗೊಮ್ಮೆ. ‘ಉಸಿರು ಕಟ್ಟುತ್ತಿದೆ’ ಎಂಬ ಮಾತು ಭೂಮಿಗೆ ಮುಟ್ಟಲು ಕೆಲವು ಸಲ 20 ನಿಮಿಷಕ್ಕೂ ಹೆಚ್ಚು. ಅಲ್ಲಿ ಗಾಳಿಯ ವಾಲ್ವು ಯಾರ ಕೈಯಲ್ಲಿರುತ್ತದೋ ಅವನೇ ಧಣಿ, ಅವನೇ ಸರಕಾರ. ಕೂಲಿ ಒಲ್ಲೆ ಅಂತ ಎದ್ದು ಹೊರಗೆ ನಡೆಯಲಾಗದ ಜಾಗಕ್ಕೆ ವಸಾಹತು ಅಂತ ಚಂದದ ಹೆಸರಿಟ್ಟು ಜನರನ್ನು ಕರೆಯೋದು ನನಗೆ ಸರಿ ಕಾಣಿಸೋದಿಲ್ಲ.

ಇದನ್ನೆಲ್ಲ ಕಾಕಾಗೆ ಓದಿ ಹೇಳಿದೆ. ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್ ಸುಮಾರು ಎಂಟು ದಿನಕ್ಕೆಂದು 2024ರ ಜೂನ್ 5ರಂದು ಹೋಗಿ, ನೌಕೆಯ ದೋಷದಿಂದಾಗಿ 286 ದಿನ ಇದ್ದು 2025ರ ಮಾರ್ಚ್ 18ರಂದು ಇಳಿದ ಸಂಗತಿಯನ್ನೂ ಹೇಳಿದೆ. ಕಾಕಾ ಬಹಳ ಹೊತ್ತು ಸುಮ್ಮನಿದ್ದು, “ಓಟಿ ಕೊಟ್ರೇನು?” ಅಂತ ಕೇಳಿದರು.

ಇಲ್ಲ, ಓವರ್‌ಟೈಮ್ ಇಲ್ಲ, ವಾರಕ್ಕೆ 40 ತಾಸಿನ ಮಾಮೂಲು ಪಗಾರವೇ ಅಂತ ನಾಸಾದವರು ಹೇಳಿದ್ದಾರೆ ಅಂದೆ.

“ಹೌದಾ?” ಅಂದು, ರಾತ್ರಿ ಪಾಳಿಗೆ ಹೊತ್ತಾಯಿತೆಂದು ಬೂಟು ಹುಡುಕತೊಡಗಿದರು.