ಗೋಡೆ ತಳ್ಳುವ ಹುಡುಗ: ಬೋಧನಾಭ್ಯಾಸದ ಒಂದು ಅನುಭವ

ಅಳದಂಗಡಿಯಲ್ಲಿ ನನ್ನ ಬೋಧನಾಭ್ಯಾಸ ಮಳೆಗಾಲದಲ್ಲಿ ನಡೆಯಿತು. ಎಂಟನೇ ತರಗತಿಗೆ ‘ಬಲ ಮತ್ತು ಒತ್ತಡ’ ಪಾಠ. ಶೀಟಿನ ಮಾಡಿಗೆ ಮಳೆ ಬಿದ್ದರೆ ಒಬ್ಬ ಹುಡುಗ ಕಿವಿ ಮುಚ್ಚಿ ಬೆಂಚಿನಡಿ ಸೇರುತ್ತಿದ್ದ. ಸಮಾಧಾನಕ್ಕೆಂದು ಮೆಲ್ಲನೆ ಬೆನ್ನು ಸವರಿದೆ. ಕಿರುಚಿ ಕೈ ತಳ್ಳಿದ. ಪಾಠ ಯೋಜನೆಯಲ್ಲಿ ಇದಕ್ಕೆ ಅಂಕಣವಿಲ್ಲ!

ಇಂದ್ರಿಯಗಳ ಮಾಹಿತಿಯನ್ನು ಮಿದುಳು ಹೊಂದಿಸಿಕೊಳ್ಳುವ ಬಗೆಯನ್ನು ಅಮೆರಿಕದ ಜೀನ್ ಏರ್ಸ್ 1972ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಇಂಥ ಕೆಲವು ಮಕ್ಕಳಿಗೆ ಹಗುರ ಸ್ಪರ್ಶ ಕಿರಿಕಿರಿ. ಸ್ನಾಯು, ಕೀಲುಗಳಿಗೆ ಭಾರ ಬೀಳುವ ಕೆಲಸ ಹಿತ. ತಾಯಿಯನ್ನು ಕೇಳಿದಾಗ, “ತೋಟಕ್ಕೆ ಸೊಪ್ಪು ಹೊತ್ತು ಹಾಕಿದ ದಿನ ಅವ ಚಂದ ಕೂತ್ಕೊಳ್ತಾನೆ ಟೀಚರ್” ಅಂದರು. ಪುಸ್ತಕಕ್ಕಿಂತ ಅದೇ ನನಗೆ ಹೆಚ್ಚು ದಾರಿ ತೋರಿಸಿತು.

ಮರುದಿನದಿಂದ ನನ್ನ ಅವಧಿಗೆ ಮೊದಲು ನೋಟ್ಸ್ ಪುಸ್ತಕಗಳ ಕಟ್ಟು ತರುವುದು, ಬೆಂಚು ಸರಿಸುವುದು ಅವನ ಪಾಲಿಗೆ. ಮಳೆ ಜೋರಾದರೆ ಎರಡೂ ಅಂಗೈ ಊರಿ, ಹತ್ತು ಎಣಿಸುವವರೆಗೆ ಗೋಡೆ ತಳ್ಳುವುದು. ಅವನೊಬ್ಬನೇ ತಳ್ಳಿದರೆ ಉಳಿದವರು ನಗುತ್ತಾರೆಂದು ಇಡೀ ತರಗತಿಯಿಂದ ತಳ್ಳಿಸಿದೆ. ಬಲವಿದ್ದೂ ಗೋಡೆ ಏಕೆ ಚಲಿಸಲಿಲ್ಲ ಎಂಬ ಪ್ರಶ್ನೆ ಅಲ್ಲೇ ಹುಟ್ಟಿತು. ಒಮ್ಮೆ ಮೈದಾನದಲ್ಲಿ ಓಡಿಸಿದ್ದು ಮಾತ್ರ ನನ್ನ ತಪ್ಪು, ಇನ್ನಷ್ಟು ಕೆರಳಿದ. ಗೋಡೆಯೂ ಎಲ್ಲ ದಿನ ಫಲಿಸಲಿಲ್ಲ.

ಕೊನೆಯ ವಾರ ಗುಡುಗಿದಾಗ ನಾನು ಕರಿಹಲಗೆಯಲ್ಲಿ ಬರೆಯುತ್ತಿದ್ದೆ. ತಿರುಗಿ ನೋಡಿದರೆ ಅವನಾಗಿಯೇ ಎದ್ದು ಗೋಡೆಗೆ ಕೈ ಕೊಟ್ಟಿದ್ದ. ಬರೆಯುವುದನ್ನು ಮುಂದುವರಿಸಿದೆ.